ಏಳನೇ ಪಾಠದ ನಾಲ್ಕು ಸೆಕೆಂಡು

ಫೆಬ್ರವರಿ 3

ಮಾನ್ಯರೇ,

ಕಾವಲುಗಾರರಿಗಾಗಿ ನೀವು ನಡೆಸುವ ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿ ನಾನು. ನೋಂದಣಿ ಸಂಖ್ಯೆ 614. ನನಗೆ ಎರಡೂ ಕಣ್ಣು ಕಾಣುವುದಿಲ್ಲ, ಪತ್ರವನ್ನು ಫೋನಿಗೆ ಹೇಳಿ ಬರೆಸುತ್ತೇನೆ, ಬಂದದ್ದನ್ನು ಅದೇ ಓದಿ ಹೇಳುತ್ತದೆ. ಕಣ್ಣಿಲ್ಲದವನು ಏನು ಕಾವಲು ಕಾಯುತ್ತಾನೆ ಎಂದು ನಗಬೇಡಿ, ಸೇರುವ ದಿನ ನಿಮ್ಮ ಕಚೇರಿಯವರು ಆ ನಗುವನ್ನು ನಕ್ಕು ಮುಗಿಸಿದ್ದಾರೆ. ಕಾವಲು ಕೋಣೆಯಲ್ಲಿ ಕೂತು ಫೋನ್ ಎತ್ತುವ ಕೆಲಸಕ್ಕೂ ಈಗ ಈ ಸರ್ಟಿಫಿಕೇಟ್ ಕೇಳುತ್ತಾರೆ ಎಂದೆ, ಸೇರಿಸಿಕೊಂಡರು.

ಮೂರು ಪಾಠ ಕೇಳಿದೆ. ಮೇಷ್ಟ್ರು, "ಇಲ್ಲಿ ನೋಡಿ, ಇವನು ಹೀಗೆ ಬರ್ತಾನೆ, ಅವನು ಹಾಗೆ ಕೊಡ್ತಾನೆ, ಇವನು ಹೋದ" ಅನ್ನುತ್ತಾರೆ. ಯಾರು ಬಂದ, ಏನು ಕೊಟ್ಟ, ಎಲ್ಲಿಗೆ ಹೋದ? ನನಗೆ ದಕ್ಕಿದ್ದು ಧಡ್ ಧಡ್ ಸದ್ದು, ನಡುವೆ ಮೇಷ್ಟ್ರ ಕೆಮ್ಮು. ತೆರೆಯ ಮೇಲೆ ಕಾಣುವುದನ್ನು ಬಾಯಲ್ಲಿ ಹೇಳುವ ವ್ಯವಸ್ಥೆ ಇದೆ ಎಂದು ನಿಮ್ಮ ಕೋರ್ಸಿನ ಮೊದಲ ಪುಟದಲ್ಲೇ ಹಾಕಿದ್ದೀರಿ. ಎಲ್ಲ ಪಾಠಕ್ಕೂ ಆಗದಿದ್ದರೆ ಏಳನೇ ಪಾಠಕ್ಕಾದರೂ ಮಾಡಿಸಿಕೊಡಿ. ಅದು ಗೇಟಿನ ಕಾವಲಿನ ಪಾಠವಂತೆ. ಹಿಂದೆ ನಾನು ಮಾಡುತ್ತಿದ್ದ ಕೆಲಸವೂ ಅದೇ.

ಇಂತಿ,
614

ಫೆಬ್ರವರಿ 6

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯವರು ನನ್ನ ಮೇಜಿಗೆ ತಳ್ಳಿದ್ದಾರೆ. ಇಲ್ಲಿ ಯಾರಿಗೂ ಬೇಡದ್ದೆಲ್ಲ ಕೊನೆಗೆ ಬಂದು ಬೀಳುವುದು ಈ ಮೇಜಿನ ಮೇಲೇ.

ನನ್ನ ಕೆಲಸ ಎರಡು. ಕಿವಿ ಕೇಳದವರಿಗೆ ಆಡಿದ ಮಾತನ್ನು ತೆರೆಯ ಅಡಿಯಲ್ಲಿ ಬರೆಯುವುದು, ಕಣ್ಣು ಕಾಣದವರಿಗೆ ಕಂಡದ್ದನ್ನು ಬರೆದು ನಾನೇ ಓದಿ ದನಿಮುದ್ರಿಸುವುದು. ಎರಡನೆಯದಕ್ಕೆ ಒಂದು ಕಟ್ಟುಪಾಡಿದೆ. ಮೇಷ್ಟ್ರ ಮಾತಿನ ಮೇಲೆ ನನ್ನ ಮಾತು ಬೀಳಬಾರದು, ಅವರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ನುಗ್ಗಿ ಹೇಳಿ ಹೊರಗೆ ಬರಬೇಕು. ನಮ್ಮ ಮೇಷ್ಟ್ರು ಉಸಿರಾಡುವುದೇ ಅಪರೂಪ. ಹೆಚ್ಚೆಂದರೆ ಮೂರು ಸೆಕೆಂಡು, ನಾಲ್ಕು ಸೆಕೆಂಡು. ಅಷ್ಟರಲ್ಲಿ ಒಬ್ಬನನ್ನು ಕೆಡವಿ, ಕಾಲು ಮುರಿದು, ಆಂಬುಲೆನ್ಸ್ ಕರೆಸಬೇಕು.

ಇವತ್ತು ಬೆಳಗಿನಿಂದ ಒಂಬತ್ತು ಹೊಡೆದಾಟ, ಎರಡು ಚೂರಿ, ಒಂದು ಆಸಿಡ್ ಬಾಟಲಿ ಆಗಿದೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಹಾಗೇ ಮುಚ್ಚಿಟ್ಟೆ. ಕಿವಿ ಕೇಳದವರ ಸಾಲಿನಲ್ಲಿ ‘ಮೂಳೆ ಮುರಿದ ಸದ್ದು’ ಎಂದು ಬರೆದರೆ ನಮ್ಮ ಸಂಯೋಜಕರು, "ಅಷ್ಟೆಲ್ಲ ಯಾಕ್ರೀ, ಬರೀ ‘ಸದ್ದು’ ಅಂತ ಹಾಕಿ" ಎಂದರು. ತಟ್ಟೆ ಬಿದ್ದರೂ ಸದ್ದು, ತಲೆ ಬಿದ್ದರೂ ಸದ್ದು! ಇವರ ಕಿವಿಗೆ ಎರಡೂ ಒಂದೇ ಇರಬೇಕು.

ಏಳನೇ ಪಾಠ ಎರಡು ವಾರದಲ್ಲಿ ಸಿದ್ಧವಾಗುತ್ತದೆ. ಫೋನಿನಲ್ಲಿ ವಿದ್ಯಾರ್ಥಿಗಳ ಜೊತೆ ಮಾತಾಡುವಂತಿಲ್ಲ, ಇದು ಇಲ್ಲಿಯ ನಿಯಮ. ಹಾಗಾಗಿ ಏನಿದ್ದರೂ ಹೀಗೇ ಬರೆಯಿರಿ.

ಇಂತಿ,
ವಿವರಣೆಯವಳು

ಫೆಬ್ರವರಿ 19

ಮೇಡಂ,

ಪಾಠ ಬಂತು. ಹನ್ನೊಂದು ಸಲ ಕೇಳಿದೆ. ನಿಮ್ಮ ದನಿ ಚೆನ್ನಾಗಿದೆ, ಅಂಗಡಿಯಲ್ಲಿ ತೂಕ ಮಾಡಿ ಪೊಟ್ಟಣ ಕಟ್ಟಿಕೊಟ್ಟ ಹಾಗೆ ಮಾತು ಕೊಡುತ್ತೀರಿ.

ಮೇಷ್ಟ್ರು ಮಾತ್ರ ಕೊಟ್ಟಿದ್ದೇ ಕೊಟ್ಟಿದ್ದು. "ನೋಡಿ ಈ ಪುಣ್ಯಾತ್ಮನ್ನ. ಗೇಟಿನೋನು. ಇವನು ಮಾಡಿದ ತಪ್ಪು ಎಷ್ಟು ಅಂತ ಎಣಿಸ್ತಾ ಹೋಗಿ. ಒಂದು, ಒಬ್ನೇ ಮುಂದೆ ಬಂದ. ಎರಡು, ಎದುರು ಮಾತಾಡಿದ. ಮೂರು, ಬಿದ್ಮೇಲೆ ಏಳೋಕೆ ಹೋದ. ಬಿದ್ದೋನು ಬಿದ್ದಿರ್ಬೇಕಪ್ಪಾ!" ಅಲ್ಲಿ ಯಾರೋ ನಕ್ಕರು. ಆಗ ಮೇಷ್ಟ್ರು ಉಸಿರೆಳೆದುಕೊಂಡರು, ನೀವು ಬಂದಿರಿ: "ಮೂವರು ಅವನನ್ನು ಕೆಡವಿ ತುಳಿಯುತ್ತಾರೆ. ನಾಲ್ಕನೆಯವನು ಓಡಿಬಂದು ರಾಡು ಬೀಸುತ್ತಾನೆ. ಬಿದ್ದವನು ಮುಖ ಮುಚ್ಚಿಕೊಳ್ಳುತ್ತಾನೆ."

ಪರೀಕ್ಷೆಯ ಉತ್ತರಕ್ಕೆ ಒಂದು ವಿಷಯ ಬೇಕಾಗಿತ್ತು. ಈ ನಾಲ್ಕನೆಯವನು ಎಲ್ಲಿಂದ ಬಂದ? ಏನು ತೊಟ್ಟಿದ್ದ? ಸಣ್ಣ ಗುರುತಾದರೂ ಪರವಾಗಿಲ್ಲ. ಆರೋಪಿಯ ವರ್ಣನೆಗೆ ಐದು ಅಂಕ ಇದೆ.

614

ಫೆಬ್ರವರಿ 21

ಮಾನ್ಯರೇ,

ಐದು ಅಂಕಕ್ಕೆ ಹನ್ನೊಂದು ಸಲ ಕೇಳುವ ವಿದ್ಯಾರ್ಥಿ ಇದ್ದಾರೆ ಎಂದು ಸಂಯೋಜಕರಿಗೆ ಹೇಳಿದೆ. ಅವರು ನಂಬಲಿಲ್ಲ. ಉಳಿದವರು ವಿಡಿಯೋವನ್ನು ಎರಡರಷ್ಟು ವೇಗದಲ್ಲಿ ಓಡಿಸಿ, ಪರೀಕ್ಷೆ ಬರೆದು, ಹೆಣ ಬೀಳುವ ಮೊದಲೇ ಪಾಸಾಗುತ್ತಾರಂತೆ.

ಮುಖಗಳನ್ನೆಲ್ಲ ಮಸುಕು ಮಾಡಿದ್ದಾರೆ. ಉಳಿದದ್ದು ಹೇಳುತ್ತೇನೆ. ಜಾಗ ಸರಕಿನ ಗೋದಾಮಿನ ಗೇಟು. ಕೆಡವಿದ ಮೂವರು ಲಾರಿಯಿಂದ ಇಳಿದವರು, ಡ್ರೈವರ್ ಮತ್ತು ಅವನ ಜೊತೆಯವರು. ನಾಲ್ಕನೆಯವನು ಲಾರಿ ಕಡೆಯಿಂದ ಬರಲಿಲ್ಲ, ಗೋದಾಮಿನ ಒಳಗಿನಿಂದ, ಪೆಟ್ಟಿಗೆಗಳ ರಾಶಿಯ ಹಿಂದಿನಿಂದ ಬಂದ. ತೆಳ್ಳಗೆ ಎತ್ತರದ ಆಳು, ಲೋಡು ಹೊರುವವರ ನೀಲಿ ಅಂಗಿ. ಒಂದು ವಿಚಿತ್ರ ಗುರುತಿದೆ: ಎಡಗೈಗೆ ಮಾತ್ರ ಕೈಗವಸು, ಬಲಗೈ ಬರಿದು, ಬೆರಳಿಗೆಲ್ಲ ಸೀಮೆಸುಣ್ಣ ಮೆತ್ತಿದೆ. ರಾಡು ಬೀಸುವುದು ಆ ಬಲಗೈಯಲ್ಲೇ. ನಿಲ್ಲಿಸಿ ನೋಡಿದೆ, ಬೆರಳಚ್ಚು ರಾಡಿನ ಮೇಲೆ ಬೆಳ್ಳಗೆ ಕಾಣುತ್ತದೆ.

ಐದಕ್ಕೆ ಐದು ಬರದಿದ್ದರೆ ಹೇಳಿ, ನಾನೇ ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗುತ್ತೇನೆ. ಜಗಳ ಹೇಗೆ ಮಾಡಬೇಕು ಎಂಬುದು ಈಗ ಪಾಠವಾರು ಗೊತ್ತಿದೆ.

ವಿವರಣೆಯವಳು

ಫೆಬ್ರವರಿ 23

ಮೇಡಂ,

ಬಹಳ ಉಪಕಾರವಾಯಿತು. ಕೈಗವಸಿನ ವಿಷಯ ಒಂದೇ ಸಾಕು.

614

ಮಾರ್ಚ್ 2

ಮಾನ್ಯರೇ,

ಏಳನೇ ಪಾಠದ ಪರೀಕ್ಷೆಗೆ ನೀವು ಕೂರಲೇ ಇಲ್ಲ. ಎಂಟನೆಯದನ್ನು ತೆರೆದೂ ಇಲ್ಲ. ಅಷ್ಟು ಶ್ರದ್ಧೆಯಿಂದ ಗುರುತು ಕೇಳಿ ಉತ್ತರ ಬರೆಯದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಜ್ವರವೇ? ಕಂಪ್ಯೂಟರ್ ಕೆಟ್ಟಿತೇ? ನನ್ನ ಬರಹ ಎಲ್ಲಾದರೂ ಎಡವಿತೇ?

ಬೇರೆ ಯಾರಿಗೂ ನಾನು ಹೀಗೆ ಕೇಳಿ ಬರೆದಿಲ್ಲ. ನಾನು ಓದಿದ್ದನ್ನು ಕೇಳಿ ತಿರುಗಿ ಪತ್ರ ಬರೆದವರು ನೀವೊಬ್ಬರೇ. ಈ ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾರೆ, ಹೇಳಿದ್ದು ಗೋಡೆಗೂ ತಗಲದೆ ಇಂಗಿಹೋಗುತ್ತದೆ. ಫ್ಯಾನಿನ ಸದ್ದು ಸೇರುತ್ತದೆ ಎಂದು ಫ್ಯಾನೂ ಆರಿಸಿರುತ್ತಾರೆ. ಬೆವರು ಒರೆಸಿಕೊಳ್ಳುತ್ತ ಒಬ್ಬಳೇ ಕೂತು ‘ಚೂರಿ ಎಳೆದುಕೊಳ್ಳುತ್ತಾನೆ’, ‘ರಕ್ತ ಚಿಮ್ಮುತ್ತದೆ’ ಎಂದು ಓದುತ್ತಿರುತ್ತೇನೆ. ಒಂದು ಸಾಲು ಬರೆಯಿರಿ.

ವಿವರಣೆಯವಳು

ಮಾರ್ಚ್ 4, ಮಂಗಳವಾರ

ಮೇಡಂ,

ನಿಮಗೆ ಸುಳ್ಳು ಹೇಳಿದೆ. ಪರೀಕ್ಷೆ, ಐದು ಅಂಕ, ಫೋನ್ ಎತ್ತುವ ಕೆಲಸ ಎಲ್ಲ ಸುಳ್ಳು. ಆ ವಿಡಿಯೋದಲ್ಲಿ ಬಿದ್ದವನು ನಾನು.

ಮೂರು ವರ್ಷವಾಯಿತು. ಸರತಿ ತಪ್ಪಿಸಿ ಲಾರಿ ಒಳಗೆ ಬಿಡಲ್ಲ ಅಂದೆ. ಮೂವರು ಇಳಿದು ಬಡಿದರು. ಮೊದಲ ನಾಲ್ಕು ಏಟು ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆ, ಕಣ್ಣಿಗೆ ಸುತ್ತಿದ ಬಟ್ಟೆ, ಅದನ್ನು ಬಿಚ್ಚಿದ ಮೇಲೂ ಹೋಗದ ಕತ್ತಲೆ. ಡ್ರೈವರ್ ರಾಡಿನಲ್ಲಿ ಮುಖಕ್ಕೆ ಹೊಡೆದ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ನನ್ನ ಒಡಹುಟ್ಟಿದ ತಮ್ಮ. ಅವನು ಅದೇ ಗೋದಾಮಿನಲ್ಲಿ ಲೋಡಿನ ಕೆಲಸಕ್ಕಿದ್ದ. ರಾಡು ಲಾರಿಯ ಕೆಳಗೇ ಸಿಕ್ಕಿತ್ತು. ಕ್ಯಾಮೆರಾ ಕೆಟ್ಟಿತ್ತು ಎಂದು ಕಂಪನಿಯವರು ಬರೆದುಕೊಟ್ಟರು. ಡ್ರೈವರ್‌ಗೆ ಏಳು ವರ್ಷ ಜೈಲು ಆಯಿತು.

ಹೋದ ವರ್ಷ ನನ್ನ ಹಳೆಯ ಜೊತೆಗಾರನೊಬ್ಬ ನಿಮ್ಮ ಕೋರ್ಸು ಮಾಡಿ ಬಂದ. "ಲೇ, ನಿನ್ನ ಗೇಟು ಏಳನೇ ಪಾಠದಲ್ಲಿದೆ ಕಣೋ. ನಿನ್ನನ್ನ ತುಳಿಯೋದು ನೋಡೋಕಾಗ್ಲಿಲ್ಲ, ಮುಚ್ಚಿಬಿಟ್ಟೆ" ಅಂದ. ಕೆಟ್ಟ ಕ್ಯಾಮೆರಾ ಪಾಠ ಹೇಳುವಷ್ಟು ಚೆನ್ನಾಗಿತ್ತು! ನಾನು ಸೇರಿದ್ದು ಅದಕ್ಕೆ. ಆ ಡ್ರೈವರ್ ನನ್ನ ಕಣ್ಣು ತೆಗೆದದ್ದನ್ನು ಒಂದು ಸಲ ಸರಿಯಾಗಿ ಕೇಳಬೇಕಿತ್ತು.

ಇಡೀ ಗೋದಾಮಿನಲ್ಲಿ ಒಂದೇ ಕೈಗೆ ಗವಸು ಹಾಕುತ್ತಿದ್ದವನು ನನ್ನ ತಮ್ಮ, ಚಿಕ್ಕೋನು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಪೆಟ್ಟಿಗೆಗೆ ಗುರುತು ಹಾಕುವವನು ಅವನು ಮಾತ್ರ. ಆ ಜಗಳಕ್ಕೆ ಒಂದು ವಾರ ಮುಂಚೆ, ತಡವಾಗಿ ಬಂದ ಎಂದು ಎಲ್ಲರೆದುರು ಗೇಟಿನಲ್ಲೇ ಅವನ ಕಪಾಳಕ್ಕೆ ಬಾರಿಸಿದ್ದೆ. ಅವನು ಕೆನ್ನೆ ಹಿಡಿದುಕೊಂಡು, "ಆಯ್ತಣ್ಣ, ನೋಡ್ಕೋತೀನಿ" ಅಂದಿದ್ದ. ನೋಡಿಕೊಂಡ. ಮೂರು ವರ್ಷ ನನಗೆ ಸ್ನಾನ ಮಾಡಿಸಿದ, ತುತ್ತು ಕಲಸಿಕೊಟ್ಟ, ಕೈ ಹಿಡಿದು ರಸ್ತೆ ದಾಟಿಸಿದ. ಯಾವ ಕೈ? ರಾಡು ಬೀಸಿದ ಕೈ.

ಮೊನ್ನೆ ಗುರುವಾರ ಬೆಳಿಗ್ಗೆ ಅವನು ನನ್ನ ಗಡ್ಡ ಹೆರೆಯಲು ಬಂದ. ಬ್ಲೇಡು ಅವನ ಕೈಯಲ್ಲಿತ್ತು. ಬಚ್ಚಲಿಗೆ ಕಿಟಕಿ ಇಲ್ಲ. ಬಾಗಿಲ ಹತ್ತಿರ ನಿಂತಿದ್ದವನು ನಾನು, ದೀಪ ಆರಿಸಿದೆ, ಅಗುಳಿ ಹಾಕಿದೆ. ಈಗ ಇಬ್ಬರಿಗೂ ಒಂದೇ ಕತ್ತಲೆ, ಆದರೆ ನನಗೆ ಅದರಲ್ಲಿ ಮೂರು ವರ್ಷದ ಅಭ್ಯಾಸ. ಬ್ಲೇಡು ನನ್ನ ಅಂಗೈ ಸೀಳಿತು, ಲೆಕ್ಕಿಸಲಿಲ್ಲ. ಅವನ ಕುತ್ತಿಗೆ ಸಿಕ್ಕಿತು, ತಲೆಯನ್ನು ನಲ್ಲಿಗೆ ಕುಟ್ಟಿದೆ. ಬಿದ್ದ ಮೇಲೆ ಎದೆಯ ಮೇಲೆ ಮೊಣಕಾಲೂರಿ ಅವನ ಬಲಗೈ ಹುಡುಕಿದೆ. ಟವಲಿನ ಕೆಳಗೆ ಸುತ್ತಿಗೆ ಇಟ್ಟಿದ್ದೆ. ಕಲ್ಲಿನ ನೆಲಕ್ಕೆ ಆ ಕೈಯನ್ನು ಒತ್ತಿ ಹಿಡಿದು ಹೊಡೆದೆ. ಐದೋ ಆರೋ. ನಿಮ್ಮ ಸಂಯೋಜಕರು ‘ಸದ್ದು’ ಅನ್ನುತ್ತಾರೆ. ಅದು ಸದ್ದಲ್ಲ ಮೇಡಂ, ಒಣ ಕಡ್ಡಿ ಒದ್ದೆ ಬಟ್ಟೆಯೊಳಗೆ ಮುರಿದ ಹಾಗೆ.

"ಕೈಗವಸು ಹಾಕ್ಕೊಂಡಿದ್ದೆಯಲ್ಲ" ಅಂದೆ. ಅಷ್ಟೇ ಅಂದದ್ದು. ಅವನು ಕೂಗುವುದನ್ನು ನಿಲ್ಲಿಸಿಬಿಟ್ಟ. ಆಮೇಲೆ ಅಂದ, "ಗೊತ್ತಾಯ್ತಾ ಅಣ್ಣಾ?"

ಇಲ್ಲ ಅನ್ನಲಿಲ್ಲ. ಯಾಕೆ ಎಂದೂ ಹೇಳಲಿಲ್ಲ. ಪಕ್ಕದ ಮನೆಯವರು ಬಾಗಿಲು ಒಡೆದು ಬಂದಾಗ ಅವರಿಗೆ, "ಜಾರಿ ಬಿದ್ದೆ" ಅಂದ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದಾನಂತೆ. ಅಲ್ಲಿಯೂ ಸುಳ್ಳು.

ಶನಿವಾರ ಮನೆಗೆ ಕಳಿಸುತ್ತಾರೆ. ಬರಲಿ. ಆ ಒಂದು ಕೈಗೇ ಬಿಡುವುದಿಲ್ಲ. ನಿಮ್ಮ ವಿವರಣೆ ಇಲ್ಲದಿದ್ದರೆ ನಾನು ಸಾಯುವವರೆಗೂ ಅವನ ಕೈಯಲ್ಲೇ ಉಣ್ಣುತ್ತಿದ್ದೆ. ಅದಕ್ಕೆ ನಿಮಗೆ ನಮಸ್ಕಾರ.

614

ಮಾರ್ಚ್ 5, ಬುಧವಾರ

ನಿಮ್ಮ ವಿಳಾಸ ಕೇಳಿದೆ, ಕಚೇರಿಯವರು ಕೊಡಲಿಲ್ಲ. ಕೊಟ್ಟಿದ್ದರೆ ಇದನ್ನು ಬರೆಯುವ ಬದಲು ಪೊಲೀಸರನ್ನು ಕರೆದುಕೊಂಡು ನಾನೇ ಬರುತ್ತಿದ್ದೆ. ನನ್ನ ದನಿಯಲ್ಲಿ ಒಂದು ಕಡತ ಇದರ ಜೊತೆಗಿದೆ. ಕೈಗೆ ಏನನ್ನಾದರೂ ಎತ್ತಿಕೊಳ್ಳುವ ಮೊದಲು ಅದನ್ನು ಕೇಳಿ.

ಪಾಠದಲ್ಲಿ ನನಗೆ ಸಿಕ್ಕಿದ್ದ ಸಂದಿ ನಾಲ್ಕು ಸೆಕೆಂಡು. ಮೊದಲು ಬರೆದದ್ದರಲ್ಲಿ ಇನ್ನೊಂದು ವಾಕ್ಯವಿತ್ತು. ಓದಿದರೆ ಆರೂವರೆ ಸೆಕೆಂಡು ಆಯಿತು, ಮೇಷ್ಟ್ರ ಮಾತಿಗೆ ಬಡಿಯಿತು. ತೆಗೆದುಹಾಕಿದೆ. ಉಳಿದ ಮೂರೂ ಸಾಲು ಒಂದರ ಹಿಂದೆ ಒಂದು ಪ್ರಾಸಕ್ಕೆ ಬಿದ್ದವು, ಕೆಡವಿದವರ ಸಾಲು ಮುಗಿಯಿತು, ಬೀಸಿದವನ ಸಾಲು ಮುಗಿಯಿತು, ನಾನು ಖುಷಿಯಾಗಿ ಊಟಕ್ಕೆ ಎದ್ದೆ. ತೆಗೆದ ವಾಕ್ಯ ಇದು: ‘ಡ್ರೈವರ್ ಬಗ್ಗಿ ತಪ್ಪಿಸಿಕೊಳ್ಳುತ್ತಾನೆ.’

ನಿನ್ನೆ ಮೂಲ ಪ್ರತಿ ತೆಗೆಸಿ ಒಂದೊಂದು ಚಿತ್ರ ನಿಲ್ಲಿಸಿ ನೋಡಿದೆ. ಈಗ ಯಾವ ಸಂದಿಯೂ ಇಲ್ಲ, ವಿಡಿಯೋ ನಿಂತು ಕಾಯುತ್ತದೆ, ಹೇಳಿ ಮುಗಿದ ಮೇಲೆ ಮುಂದಕ್ಕೆ ಹೋಗುತ್ತದೆ. ಹೀಗೆ ಮಾಡುವ ಕ್ರಮ ಮೊದಲಿನಿಂದಲೂ ಇದೆ. ಪಾಠ ಉದ್ದವಾಗುತ್ತದೆ ಎಂದು ಸಂಯೋಜಕರು ಬೇಡ ಅಂದಿದ್ದರು, ನಾನು ಹೂಂ ಅಂದಿದ್ದೆ.

ನೀವು ಗೇಟಿನ ಸರಪಳಿ ಹಿಡಿದು ನಿಂತಿದ್ದೀರಿ. ಡ್ರೈವರ್ ನಿಮ್ಮ ಎದೆಗೆ ಕೈಹಚ್ಚಿ ತಳ್ಳುತ್ತಾನೆ. ನೀವು ಸರಪಳಿಯಿಂದ ಅವನ ಮುಖಕ್ಕೆ ಬೀಸುತ್ತೀರಿ, ಅವನ ತುಟಿ ಒಡೆಯುತ್ತದೆ. ಇದನ್ನು ನೀವು ನನಗೆ ಬರೆದಿರಲಿಲ್ಲ. ಉಳಿದಿಬ್ಬರು ಹಿಂದಿನಿಂದ ನಿಮ್ಮ ತೋಳು ಹಿಡಿಯುತ್ತಾರೆ. ತಲೆಯನ್ನು ಕಂಬಕ್ಕೆ ಮೂರು ಸಲ ಅಪ್ಪಳಿಸುತ್ತಾರೆ. ನೀವು ಬೀಳುತ್ತೀರಿ. ಒದೆತ ಇಪ್ಪತ್ತಮೂರು. ಪಾಠದಲ್ಲಿ ಅಷ್ಟಕ್ಕೂ ಸೇರಿಸಿ ‘ತುಳಿಯುತ್ತಾರೆ’ ಎಂಬ ಒಂದು ಮಾತು ಕೊಟ್ಟಿದ್ದೆ.

ಎರಡನೇ ಒದೆತಕ್ಕೆ ನಿಮ್ಮ ತಮ್ಮ ಪೆಟ್ಟಿಗೆಗಳ ಹಿಂದಿನಿಂದ ಕಾಣಿಸುತ್ತಾನೆ. ನಿಲ್ಲುತ್ತಾನೆ. ಒಂದು ಹೆಜ್ಜೆ ಮುಂದಿಡುತ್ತಾನೆ, ಹಿಂದಕ್ಕೆ ಬರುತ್ತಾನೆ. ಬಲಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾನೆ. ಮೂವತ್ತೆಂಟು ಸೆಕೆಂಡು ಹಾಗೇ ನಿಂತು ನೋಡುತ್ತಾನೆ. ಡ್ರೈವರ್ ನಿಮ್ಮ ಕುತ್ತಿಗೆಯ ಮೇಲೆ ಬೂಟುಗಾಲು ಇಟ್ಟಾಗ ಪೆಟ್ಟಿಗೆ ಕೀಳುವ ರಾಡು ಎತ್ತಿಕೊಂಡು ಓಡಿಬರುತ್ತಾನೆ. ಮೊದಲ ಏಟು ಒಬ್ಬನ ಮೊಣಕಾಲಿಗೆ, ಅವನು ಕುಸಿಯುತ್ತಾನೆ. ಎರಡನೆಯದು ಡ್ರೈವರ್‌ನ ತಲೆಗೆ, ಕೊಲ್ಲುವ ಏಟು. ಅದೇ ಹೊತ್ತಿಗೆ ನೀವು ಡ್ರೈವರ್‌ನ ಬೆಲ್ಟು ಹಿಡಿದು ಮೊಣಕಾಲ ಮೇಲೆ ಏಳುತ್ತೀರಿ. ಡ್ರೈವರ್ ಬಗ್ಗುತ್ತಾನೆ. ಅವನ ತಲೆ ಇದ್ದ ಜಾಗದಲ್ಲಿ ನಿಮ್ಮ ಮುಖ ಇದೆ. ಎಡಗಣ್ಣಿನಿಂದ ಬಲಗಣ್ಣಿನವರೆಗೆ ರಾಡು ಅಡ್ಡ ಬೀಳುತ್ತದೆ. ನೀವು ಮುಖ ಮುಚ್ಚಿಕೊಂಡು ಉರುಳುತ್ತೀರಿ.

ತಮ್ಮನ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ, ಆರು ಸೆಕೆಂಡು. ಮೂವರೂ ಓಡುತ್ತಾರೆ, ಒಬ್ಬ ತೆವಳಿಕೊಂಡು. ತಮ್ಮ ಅಂಗಿ ಬಿಚ್ಚಿ ನಿಮ್ಮ ಮುಖಕ್ಕೆ ಒತ್ತುತ್ತಾನೆ. ಬಾಯಿ ತೆರೆದೇ ಇದೆ, ಕೂಗುತ್ತಿರಬೇಕು; ಈ ಕ್ಯಾಮೆರಾದಲ್ಲಿ ಸದ್ದಿಲ್ಲ, ಪಾಠದಲ್ಲಿ ನೀವು ಕೇಳಿದ ಏಟುಗಳು ಮೇಷ್ಟ್ರು ಬೇರೆಡೆಯಿಂದ ಅಂಟಿಸಿದ್ದು. ಆಮೇಲೆ ತಮ್ಮ ಸುತ್ತ ನೋಡುತ್ತಾನೆ. ರಾಡಿಗೆ ಹತ್ತಿದ ಸುಣ್ಣವನ್ನು ಒರೆಸುತ್ತಾನೆ. ಲಾರಿಯ ಕೆಳಗೆ ತಳ್ಳುತ್ತಾನೆ. ಮತ್ತೆ ಬಂದು ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ.

ಕಾಪಾಡಲು ಬಂದ, ಕೈತಪ್ಪಿ ತಗುಲಿತು, ಇಷ್ಟೇ ಹೇಳಿದ್ದರೆ ಶನಿವಾರ ಸುಸೂತ್ರವಾಗಿ ದಾಟುತ್ತಿತ್ತೇನೋ. ಒಂದು ಸಲ ಕತ್ತರಿಸಿ ಕೊಟ್ಟಿದ್ದರಿಂದ ಒಂದು ಕೈ ಹೋಯಿತು. ಇನ್ನೊಮ್ಮೆ ಕತ್ತರಿಸಲಾರೆ. ಅವನನ್ನು ಕೊಲ್ಲಬೇಡಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಈ ಪ್ರತಿ ಹೊರಗೆ ಹೋದದ್ದು ತಿಳಿದರೆ ನನ್ನ ಮೇಜು ಇನ್ನೊಬ್ಬರದಾಗುತ್ತದೆ. ಆಗಲಿ.

ವಿವರಣೆಯವಳು

ಮಾರ್ಚ್ 10, ಸೋಮವಾರ

ಅಕ್ಕಾ,

ಅವನು ಬದುಕಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲವಾದರೆ ನೀವು ಕೊನೆಯ ಸಾಲಿಗೆ ಹಾರುತ್ತೀರಿ.

ಶನಿವಾರ ಬಂದ. ಮೊಣಕೈವರೆಗೆ ಬ್ಯಾಂಡೇಜು. ಎರಡು ಬೆರಳು ತೆಗೆದಿದ್ದಾರೆ. ಮೇಜಿನ ಮುಂದೆ ಕೂರಿಸಿ ಅವನ ಎಡಗೈಯನ್ನು ಹಲಗೆಗೆ ಒತ್ತಿ ಹಿಡಿದೆ. ಸುತ್ತಿಗೆ ನನ್ನ ಬಲಗೈಯಲ್ಲಿತ್ತು. "ಹೊಡಿಯೋದಾದ್ರೆ ಬೇಗ ಹೊಡಿ ಅಣ್ಣ, ಆಮೇಲೆ ಅಡುಗೆ ನೀನೇ ಮಾಡ್ಬೇಕಾಗುತ್ತೆ" ಅಂದ. ನಿಮ್ಮ ಕಡತ ಹಾಕಿದೆ.

ನಾನು ಅದನ್ನು ಆಗಲೇ ಕೇಳಿ ಮುಗಿಸಿದ್ದೆ ಅಂದುಕೊಂಡಿರಾ? ಕೇಳಿರಲಿಲ್ಲ. ನಿಮ್ಮ ಪತ್ರವನ್ನೂ ಮೊದಲ ನಾಲ್ಕು ಸಾಲಿಗೇ ನಿಲ್ಲಿಸಿದ್ದೆ. ಅವನ ಕೈ ಹಿಡಿದುಕೊಂಡೇ ಕೇಳಬೇಕಿತ್ತು, ಎಲ್ಲಿ ಬೆವರುತ್ತಾನೆ ಎಂದು ತಿಳಿಯಬೇಕಿತ್ತು.

ಮೂವತ್ತೆಂಟು ಅಂದಿರಿ. ಅವನ ಕೈ ತಣ್ಣಗಾಯಿತು. "ಮೂವತ್ತೆಂಟಾ?" ಅಂದ. "ನಂಗೆ ಎರಡು ಅನ್ನಿಸಿತ್ತು ಕಣಣ್ಣ. ಒಂದು, ಎರಡು, ಅಷ್ಟೇ." ಕುತ್ತಿಗೆಯ ಮೇಲೆ ಬೂಟು ಅಂದಿರಿ, ಅವನು ಅಳುವುದಕ್ಕೆ ಶುರು ಮಾಡಿದ. ಲಾರಿಯ ಕೆಳಗೆ ತಳ್ಳುತ್ತಾನೆ ಅಂದಾಗ ನನಗೆ ತಡೆಯಲಾಗಲಿಲ್ಲ, ಸುತ್ತಿಗೆ ಎತ್ತಿ ಹೊಡೆದೆ. ಹಲಗೆ ಸೀಳಿತು. ಅವನ ಕೈ ಎರಡು ಬೆರಳಗಲ ಈಚೆಗಿತ್ತು. ಬೇಕೆಂದೇ ತಪ್ಪಿಸಿದೆನೋ, ತಾನಾಗಿ ತಪ್ಪಿತೋ, ಕೇಳಬೇಡಿ. ಅದಕ್ಕೆ ಕ್ಯಾಮೆರಾ ಇರಲಿಲ್ಲ.

"ಸತ್ತೆ ಅಂದ್ಕೊಂಡೆ ನಿನ್ನ. ನಿನ್ನ ಕೊಂದೋನು ನಾನಾಗ್ಬಾರ್ದಿತ್ತು. ಆಮೇಲೆ ನೀನು ಬದುಕಿದೆ, ಆ ಡ್ರೈವರ್‌ನ ಬೈಕೊಂಡು ಬೈಕೊಂಡೇ ಊಟ ಮಾಡೋಕೆ ಶುರು ಮಾಡ್ದೆ. ಹೆಂಗೆ ಹೇಳ್ಲಿ? ನಿಂಗೆ ಉಳಿದಿದ್ದೇ ಆ ಸಿಟ್ಟು" ಅಂದ.

ಇವತ್ತು ಬೆಳಿಗ್ಗೆ ಅವನೇ ಚಪ್ಪಲಿ ಹಾಕಿಕೊಂಡು, "ಆ ಡ್ರೈವರ್‌ಗೆ ಇನ್ನೂ ನಾಲ್ಕು ವರ್ಷ ಇದೆ, ನಡಿ" ಅಂದ. ಠಾಣೆಗೆ ಬಂದೆವು. ಅವನು ಕಣ್ಣಿನ ವಿಷಯ ಹೇಳಿದ, ನಾನು ಕೈಯ ವಿಷಯ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೊಲೀಸು ಪೆನ್ನು ಕೆಳಗಿಟ್ಟು, "ದೂರು ಕೊಡೋರು ಯಾರ್ರೀ?" ಅಂದ.

"ಯಾರೂ ಇಲ್ಲ ಸರ್."

"ಮತ್ತೆ ಯಾಕೆ ಬಂದ್ರಿ?"

"ಇಬ್ರೂ ಹೊಡ್ದೋರೇ ಸರ್, ಅದನ್ನ ಹೇಳೋಕೆ ಬಂದ್ವಿ" ಅಂದೆ ನಾನು.

ಸಾಹೇಬರು ಬಂದು ನಿಮ್ಮ ಕಡತ ಕೇಳಿದರು. ವಿವರಣೆ ಓದಿದವರು ಬಂದು ಹೇಳಬೇಕಾಗುತ್ತದೆ ಅಂದರು. ನಿಮ್ಮನ್ನು ಕೇಳದೆ ನಿಮ್ಮ ಸಂಸ್ಥೆಯ ಹೆಸರು ಕೊಟ್ಟೆ, ಬೈಯಿರಿ.

ಕೈಯ ವಿಷಯದಲ್ಲಿ ತಮ್ಮ, ಜಾರಿ ಬಿದ್ದೆ ಎಂದೇ ಇನ್ನೂ ಹಟ ಹಿಡಿದಿದ್ದಾನೆ. ಅದಕ್ಕೆ ನನ್ನನ್ನು ಸದ್ಯಕ್ಕೆ ಮನೆಗೆ ಹೋಗು ಅಂದರು. ಸುಳ್ಳು ಸಾಕ್ಷಿಗೆ ಅವನನ್ನು ಒಳಗೆ ಕೂರಿಸಿಕೊಂಡರು.

"ನಿನ್ನ ಮನೆಗೆ ಕರ್ಕೊಂಡು ಹೋಗೋರು ಯಾರಯ್ಯ?" ಎಂದು ಸಾಹೇಬರು ಕೇಳಿದರು.

"ಈಗ ಒಳಗೆ ಹಾಕಿದ್ರಲ್ಲ ಸರ್, ಅವನೇ" ಅಂದೆ.

ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಎದ್ದು ಹೋಗು ಎಂದು ಈಗ ಎರಡನೇ ಸಲ ಹೇಳಿ ಹೋದರು.